ಬೀಗರೂಟದ ಒಲೆಯ ಪಕ್ಕ ಗ್ರೀನ್ ಟೀ

ನಮ್ಮ ಯಜಮಾನರು ಬಾಡೂಟದ ಅಡುಗೆಯವರು. ಮದುವೆ ಮುಗಿದ ಮೇಲೆ ಬೀಗರನ್ನು ಕರೆದು, ಕುರಿ ಕಡಿದು ಬಡಿಸುವ ಬೀಗರೂಟ ನಮ್ಮ ಸೀಮೆಯಲ್ಲಿ ಮದುವೆಗಿಂತ ದೊಡ್ಡದು. ತಾಳಿ ಕಟ್ಟುವ ಹೊತ್ತಿಗೆ ಬಾರದವರೂ ಎಲೆಗೆ ಮುದ್ದೆ ಬೀಳುವ ಹೊತ್ತಿಗೆ ಸರಿಯಾಗಿ ಹಾಜರಿರುತ್ತಾರೆ. ಮಾಗಡಿ, ಕನಕಪುರ, ಸೋಲೂರು, ಎಲ್ಲೇ ಬೀಗರೂಟವಾಗಲಿ, ದಿನ ಗೊತ್ತು ಮಾಡುವ ಮೊದಲು ಇವರಿಗೆ ಫೋನ್ ಬರುತ್ತದೆ. ಅಕ್ಕೂರಿನ ಹತ್ತಿರದ ನಮ್ಮ ಮನೆಯಲ್ಲಿ ಹುರಿದು, ಪುಡಿ ಮಾಡಿ, ಡಬ್ಬಿಗೆ ತುಂಬಿ ಕಳಿಸುವ ಮಸಾಲೆ ನನ್ನದು. ಒಲೆಯ ಮುಂದೆ ನಿಂತು ಹೆಸರು ತೆಗೆದುಕೊಳ್ಳುವುದು ಅವರು. ಇದನ್ನು ದೂರು ಅಂತ ಹೇಳುತ್ತಿಲ್ಲ, ನಡೆದುಕೊಂಡು ಬಂದದ್ದೇ ಹಾಗೆ.

ಆ ಒಲೆಯ ಹತ್ತಿರ ಹೆಂಗಸರು ಹೋಗುವ ರೂಢಿಯಿಲ್ಲ. ನೆಲದಲ್ಲಿ ಉದ್ದಕ್ಕೆ ತೋಡಿದ ಒಲೆ, ಅದರ ಮೇಲೆ ಸಾಲಾಗಿ ಕೊಪ್ಪರಿಗೆಗಳು, ಸುತ್ತ ಪಂಚೆ ಎತ್ತಿ ಕಟ್ಟಿದ ಗಂಡಸರು. ಅಷ್ಟು ಜನರಲ್ಲಿ ರುಚಿ ನೋಡುವ ಹಕ್ಕು ಒಬ್ಬರಿಗೆ ಮಾತ್ರ, ಅಡುಗೆ ಒಪ್ಪಿಕೊಂಡವರಿಗೆ. ಸೌಟಿನಿಂದ ಅಂಗೈಗೆ ಒಂದಿಷ್ಟು ಸಾರು ಬಗ್ಗಿಸಿಕೊಂಡು, ಹೀರಿ, ಕಣ್ಣು ಮುಚ್ಚಿ, "ಒಸಿ ಉಪ್ಪು" ಅಂದರೆ ಉಪ್ಪು ಬೀಳಬೇಕು. ಆ ಮನೆಯ ಹಿರಿಯರೂ ಅಲ್ಲಿ ತುಟಿ ಬಿಚ್ಚುವುದಿಲ್ಲ. ನಮ್ಮವರ ಅಂಗೈ ಹೀಗೆ ಬಿಸಿ ತಿಂದೂ ತಿಂದೂ ಚಪ್ಪಲಿಯ ತೊಗಲಿನಂತಾಗಿದೆ, ನನ್ನ ಕೆನ್ನೆ ಸವರಿದರೆ ಗೀರು ಬೀಳುತ್ತದೆ.

ಹಕ್ಕು ಅಂದಮೇಲೆ ಹೊಟ್ಟೆಯೂ ಬರುತ್ತದಲ್ಲ. ಮದುವೆಯಾದಾಗ ಹುರುಳಿಕಾಯಿಯಂತಿದ್ದ ಮನುಷ್ಯ ನೋಡನೋಡುತ್ತ ಕೊಪ್ಪರಿಗೆಯ ಪಕ್ಕ ಇನ್ನೊಂದು ಕೊಪ್ಪರಿಗೆ ಇಟ್ಟಂತಾದರು. ನಾನು ಛೇಡಿಸಿದರೆ, "ಸಣ್ಣಗಿರೋ ಅಡುಗೆಯವ್ನ ಕೈಯೂಟ ಯಾರು ನಂಬ್ತಾರಮ್ಮಿ?" ಅಂತ ನನ್ನನ್ನೇ ಕೇಳುತ್ತಿದ್ದರು. ಆ ಮಾತು ನಡೆದದ್ದು ಮಾಗಡಿಯ ಒಂದು ಬೀಗರೂಟದವರೆಗೆ. ಅಲ್ಲಿ ಸೌಟು ಹಿಡಿದು ನಿಂತವರು ಹಾಗೇ ಕಣ್ಣು ಕತ್ತಲೆ ಬಂದು ಕುಸಿದರು. ಜೊತೆಗಾರ ತೋಳು ಹಿಡಿದು ಹಿಂದಕ್ಕೆಳೆಯದಿದ್ದರೆ ಒಲೆಗೇ ಬೀಳುತ್ತಿದ್ದರು. ಆ ಜೊತೆಗಾರ ವರ್ಷಗಳಿಂದ ಇವರ ಬಲಗೈ, ನನ್ನನ್ನು ಅಕ್ಕ ಅನ್ನುತ್ತಾನೆ. ಫೋನಿನಲ್ಲಿ ಅವನ ದನಿ ಕೇಳಿದ್ದೇ ಮಸಾಲೆ ಹುರಿಯುತ್ತಿದ್ದ ಬಾಣಲೆ ಇಳಿಸಿ ಬಸ್ಸು ಹತ್ತಿದೆ.

ರಾಮನಗರದ ಡಾಕ್ಟರಮ್ಮ ಪರೀಕ್ಷೆ ಮಾಡಿ ನೇರವಾಗಿಯೇ ಹೇಳಿದರು. "ಸಕ್ಕರೆ, ಬಿಪಿ ಎರಡೂ ಏರಿದೆ ಯಜಮಾನ್ರೇ. ತೂಕ ಇಳಿಸಲೇಬೇಕು. ಈ ಮೈ ಹೊತ್ತುಕೊಂಡು ಬೆಂಕಿ ಮುಂದೆ ಗಂಟೆಗಟ್ಟಲೆ ನಿಲ್ಲೋದು ಬೇಡ. ಇಳಿದ ಮೇಲೆ ನೋಡೋಣ." ಮಾತ್ರೆ ಬರೆದುಕೊಟ್ಟಾಗ ತಲೆಯಾಡಿಸಿದ್ದ ನಮ್ಮವರು ಆ ಕೊನೆಯ ಮಾತಿಗೆ ಮುಖ ಸಣ್ಣಗೆ ಮಾಡಿಕೊಂಡರು. ಅದೇ ತಿಂಗಳು ಮಗಳಿಗೆ ಸೋಲೂರಿನ ಕಡೆಯ ಗಂಡು ಗೊತ್ತಾಗಿತ್ತು. ತೆಂಗು, ಹಸು ಇಟ್ಟುಕೊಂಡ ಒಳ್ಳೆಯ ಮನೆತನ. ಸುಗ್ಗಿ ಕಳೆದ ಮೇಲೆ ಮದುವೆ, ಮದುವೆಯ ಬೆನ್ನಿಗೇ ನಮ್ಮ ಮನೆಯಲ್ಲಿ ಬೀಗರೂಟ ಎಂದು ಮಾತಾಗಿತ್ತು. ಮಗಳು ಕುರ್ಚಿಗೆ ಕೈ ಎಟುಕದ ಕಾಲದಿಂದಲೂ ಇವರು ಅವಳಿಗೆ, "ನಿನ್ನ ಬೀಗರೂಟಕ್ಕೆ ಬೇರೆ ಯಾವನ್ನೂ ಒಲೆ ಹತ್ರ ಬುಡಾಕಿಲ್ಲ ಕಣವ್ವ, ನಾನೇ ಮಾಡೋದು" ಎಂದು ಹೇಳುತ್ತಲೇ ಬಂದವರು. ಊರಿನವರ ಮಕ್ಕಳಿಗೆಲ್ಲ ಬೇಯಿಸಿ ತನ್ನ ಮಗಳ ದಿನ ಕುರ್ಚಿಯಲ್ಲಿ ಕೂರುವುದೆಂದರೆ ಅವರಿಗೆ ಜೀವ ಹೋದಂತೆಯೇ.

ಗ್ರೀನ್ ಟೀ ನಮ್ಮ ಮನೆಗೆ ಬಂದದ್ದು ಮಗಳ ಕೈಚೀಲದಲ್ಲಿ. ಅವಳು ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾಳೆ. ಅಲ್ಲಿ ಮದುವೆ ಗೊತ್ತಾದ ಹುಡುಗಿಯರೆಲ್ಲ ಫ್ಲಾಸ್ಕಿನಲ್ಲಿ ಅದನ್ನೇ ತಂದು ಕುಡಿಯುತ್ತಾರಂತೆ. "ಕೊಬ್ಬು ಕರಗ್ತದಂತೆ ಅಪ್ಪಾಜಿ, ತೂಕ ಇಳೀತದಂತೆ" ಅಂದಳು. ಕರಗುತ್ತದೆ ಎಂಬ ಒಂದು ಮಾತು ಕಿವಿಗೆ ಬಿದ್ದದ್ದೇ ಇವರ ಕಣ್ಣು ಮಿನುಗಿತು. ಕೊಬ್ಬು ಕರಗಿಸುವ ವಿದ್ಯೆ ಇವರಿಗೆ ಯಾರೂ ಹೇಳಿಕೊಡಬೇಕಾದ್ದೇ ಇಲ್ಲವಲ್ಲ.

"ನೋಡಮ್ಮಿ, ಬಾಡು ಬೇಯ್ಸಿದ ಕೊಪ್ಪರಿಗೆಗೆ ತಣ್ಣೀರು ಹುಯ್ದ್ರೆ ಕೊಬ್ಬು ಮೇಣದಂಗೆ ಕಚ್ಕತದೆ. ಕುದಿಯೋ ನೀರು ಹುಯ್ದ್ರೆ ತಾನಾಗೇ ಬುಟ್ಟು ಬತ್ತದೆ. ಹೊಟ್ಟೇನೂ ಒಂದು ಕೊಪ್ಪರಿಗೇನೇ ಕಣಮ್ಮಿ" ಎಂದು ನನಗೆ ಪಾಠ ಮಾಡಿದರು. ಪಾಠ ಚೆನ್ನಾಗಿಯೇ ಇತ್ತು. ಪಾತ್ರೆ ತೊಳೆದು ಬೆರಳು ಸವೆಸಿಕೊಂಡಿರುವ ನನಗೂ ಅದು ಸರಿ ಅನ್ನಿಸಿಬಿಟ್ಟಿತು, ನಗಬೇಡಿ.

ಇವರು ಗ್ರೀನ್ ಟೀಯನ್ನು ಬಿಸಿನೀರಿನಲ್ಲಿ ನೆನೆಸಿ ಸೋಸುವ ಪೈಕಿಯೇ? ಕಾಲುಸೂಪಿನಂತೆ ಕೊತಕೊತ ಕುದಿಸಿದರು. ಮೆಣಸು ಕುಟ್ಟಿ ಹಾಕಿದರು, ಶುಂಠಿ ಜಜ್ಜಿ ಹಾಕಿದರು, ಕಹಿ ತಡೆಯಲಾರದೆ ಅಂಗೈಯಗಲದ ಬೆಲ್ಲವನ್ನೂ ಹಾಕಿದರು. ಊಟವಾದ ಮೇಲೆ ಒಂದು ಚೊಂಬು ಸುಡುಸುಡುವ ಹಾಗೇ ಕುಡಿದು, ಹೊಟ್ಟೆಯನ್ನು ಎಡಕ್ಕೂ ಬಲಕ್ಕೂ ಒಮ್ಮೆ ಅಲುಗಾಡಿಸುತ್ತಿದ್ದರು. ಕೊಪ್ಪರಿಗೆ ತೊಳೆಯುವಾಗ ನೀರು ಗಿರ್ರನೆ ತಿರುಗಿಸುತ್ತಾರಲ್ಲ, ಹಾಗೆ. ತೊಳೆಯುವುದಕ್ಕೆ ಟೀ ಇದೆಯೆಂಬ ಧೈರ್ಯದಲ್ಲಿ ಎಲೆಯಲ್ಲಿ ಇನ್ನೊಂದು ಮುದ್ದೆಯೂ ನಾಲ್ಕು ತುಂಡು ಹೆಚ್ಚಿಗೆ ಬಾಡೂ ಬೀಳತೊಡಗಿತು. ಅಡುಗೆಗೆ ಹೋಗುವುದನ್ನೂ ಬಿಡಲಿಲ್ಲ. ಜೊತೆಗಾರನನ್ನು ಒಲೆಯ ಮುಂದೆ ನಿಲ್ಲಿಸಿ ತಾವು ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು, ಕೂತಲ್ಲಿಂದಲೇ ಅಂಗೈ ಚಾಚುತ್ತಿದ್ದರು.

ಮತ್ತೆ ರಾಮನಗರಕ್ಕೆ ಹೋದಾಗ ತೂಕದ ಯಂತ್ರದ ಮುಳ್ಳು ಹಿಂದಿನ ಸಲಕ್ಕಿಂತ ಮುಂದೆ ಹೋಗಿ ನಿಂತಿತು. ಇವರು ಯಂತ್ರ ಕೆಟ್ಟಿದೆ ಅಂದರು. ಡಾಕ್ಟರಮ್ಮ ಕೊಪ್ಪರಿಗೆಯ ಪಾಠವನ್ನು ಕೊನೆಯವರೆಗೂ ಕೇಳಿಸಿಕೊಂಡು, ನಗು ತಡೆಯಲಾರದೆ ನಕ್ಕು, ಆಮೇಲೆ ಕುರ್ಚಿ ಹತ್ತಿರಕ್ಕೆಳೆದುಕೊಂಡು ಬಿಡಿಸಿ ಹೇಳಿದರು. ಆ ಹೆಣ್ಣುಮಗಳ ತಾಳ್ಮೆಗೆ ಕೈ ಮುಗಿಯಬೇಕು.

"ಕೊಬ್ಬು ಹೊಟ್ಟೆಯ ಗೋಡೆಗೆ ಅಂಟಿಕೊಂಡಿರೋದಲ್ಲ ಯಜಮಾನ್ರೇ. ತಿಂದದ್ದು ಅರಗಿ, ರಕ್ತಕ್ಕೆ ಸೇರಿ, ಖರ್ಚಾಗದೆ ಉಳಿದದ್ದು ಮೈಯೊಳಗೆ ಕೊಬ್ಬಾಗಿ ಕೂರುತ್ತೆ. ಅದನ್ನ ಬಿಸಿನೀರು ಹುಯ್ದು ತೊಳೆಯೋಕಾಗಲ್ಲ. ಗ್ರೀನ್ ಟೀಯಿಂದ ಕೆಲವರಿಗೆ ತೂಕ ಇಳಿಯಬಹುದು, ಇಳಿದರೂ ತೀರಾ ಸ್ವಲ್ಪ. ತುಂಬ ಜನಕ್ಕೆ ವ್ಯತ್ಯಾಸವೇ ಗೊತ್ತಾಗಲ್ಲ. ನೀವು ಹಾಕೋ ಬೆಲ್ಲಕ್ಕೆ ಆ ಸ್ವಲ್ಪವೂ ಹೋಯ್ತು. ಬೆಲ್ಲ ಇಲ್ಲದೆ, ಮಿತವಾಗಿ ಕುಡೀರಿ, ತೊಂದರೆಯಿಲ್ಲ. ಸಂಜೆ ಮೇಲೆ ಬೇಡ, ನಿದ್ದೆ ಕೆಡುತ್ತೆ. ಅದೇ ಟೀ ಹೆಸರಲ್ಲಿ ಮಾತ್ರೆ ಮಾರ್ತಾರೆ, ನನ್ನ ಕೇಳದೆ ಅದನ್ನ ಮುಟ್ಟಬೇಡಿ. ದಿನಾ ನಡೀರಿ. ಇನ್ನೊಂದು ಕೆಲಸ ಮಾಡಿ, ಬೆಳಗಿಂದ ರಾತ್ರಿವರೆಗೆ ನಿಮ್ಮ ಬಾಯಿಗೆ ಏನೇನು ಹೋಗುತ್ತೆ ಅಂತ ನೀವೇ ಗಮನ ಇಟ್ಟು ನೋಡಿ."

ಅವತ್ತು ಮನೆಗೆ ಬಂದವರು ಜಗಲಿಯ ಮೇಲೆ ಕೂತು ತಮ್ಮ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದರು. ಬೇಜಾರಾಗಿದೆ, ಎರಡು ದಿನಕ್ಕೆ ಸರಿಹೋಗುತ್ತದೆ ಎಂದುಕೊಂಡು ನಾನು ಹಾಲು ಕರೆಯಲು ಹೋದೆ.

ಮಾರನೆಯ ದಿನದಿಂದ ಬೆಲ್ಲದ ಡಬ್ಬಿಯ ಸದ್ದು ನಿಂತಿತು. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಬೈಕಿನಲ್ಲಿ ಹೋಗುತ್ತಿದ್ದವರು ಕ್ಯಾನು ಹಿಡಿದು ನಡೆದೇ ಹೊರಟರು. ಮುದ್ದೆ ಒಂದಕ್ಕೆ ಇಳಿಯಿತು, ಸೊಪ್ಪಿನ ಪಲ್ಯ ಎಲೆಯ ಅರ್ಧ ಹಿಡಿಯಿತು. ಇಷ್ಟನ್ನು ನಾನು ಕಂಡಿದ್ದೆ, ಮೆಚ್ಚಿಯೂ ಇದ್ದೆ. ಆದರೆ ಮೈ ಇಳಿಯತೊಡಗಿದ್ದು ಅದಕ್ಕಿಂತ ಹೆಚ್ಚಾಗಿತ್ತು. ಅಂಗಿಯ ಗುಂಡಿಗಳು ಎಳೆದಾಡುವುದು ಬಿಟ್ಟವು, ಪಂಚೆಯ ಗಂಟು ಹೊಟ್ಟೆಯ ಕೆಳಗಿಂದ ಹೊಟ್ಟೆಯ ಮೇಲಕ್ಕೆ ಬಂತು. ಏನಾದರೂ ಕಾಯಿಲೆ ಬಚ್ಚಿಡುತ್ತಿದ್ದಾರೋ ಎಂದು ನನಗೆ ಒಳಗೊಳಗೇ ದಿಗಿಲಾಯಿತು. ಕನಕಪುರದ ಕಡೆ ಅಡುಗೆ ಮುಗಿಸಿ ಪಾತ್ರೆ ಇಳಿಸಲು ಬಂದ ಜೊತೆಗಾರನನ್ನು ಹಿತ್ತಲಿಗೆ ಕರೆದು ಕೇಳಿದೆ.

ಅವನು ತಲೆ ಕೆರೆದುಕೊಂಡ. "ಕಾಯಿಲೆ ಏನಿಲ್ಲ ಬುಡಕ್ಕ. ಆದ್ರೆ ಅಣ್ಣ ಈಗ ರುಚಿ ನೋಡಾಕಿಲ್ಲ. ಒಲೆ ಹಚ್ಚಿದ್ದೇ ಆ ಕಹಿ ಟೀ ಲೋಟ ಕೈಗೆ ತಗೋತಾರೆ, ಒಂದೊಂದೇ ಗುಟುಕು ಕುಡೀತಾ ಇರ್ತಾರೆ. ಸಾರು ನಂಗೆ ನೋಡು ಅಂತಾರೆ. ಉಪ್ಪು ಹೆಚ್ಚೋ ಕಮ್ಮಿಯೋ ಹೇಳೋ ಧೈರ್ಯ ನಂಗಿಲ್ಲ ಕಣಕ್ಕ."

ನನಗೆ ನಂಬಿಕೆಯೇ ಬರಲಿಲ್ಲ. ರುಚಿ ನೋಡದ ಅಡುಗೆಯವರು ಎಂದರೆ ಏನು? ಆ ಹಕ್ಕಿಗಾಗಿ ಈ ಮನುಷ್ಯ ತನ್ನ ಗುರುವಿನ ಹತ್ತಿರ ಎಷ್ಟು ವರ್ಷ ಸೌದೆ ಸೀಳಿದ್ದರೆಂದು ನನಗೆ ಗೊತ್ತು. ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. "ಏನ್ರೀ ಇದು, ನಾಲಿಗೆ ಯಾರಿಗ್ರೀ ಕೊಟ್ಟು ಬಂದ್ರಿ?"

ಅವರು ತಲೆಯೆತ್ತದೆ ಮುದ್ದೆ ಮುರಿಯುತ್ತ ಹೇಳಿದರು. "ಡಾಕ್ಟ್ರಮ್ಮ ಬಾಯಿಗೆ ಹೋಗೋದ್ನ ನೋಡು ಅಂದ್ರಲ್ಲ, ನೋಡ್ದೆ. ಈ ಕೊಪ್ಪರಿಗೇಲಿ ಒಂದು ಅಂಗೈ, ಆ ಕೊಪ್ಪರಿಗೇಲಿ ಒಂದು ಅಂಗೈ, ಬೆಂದೈತಾ ಅಂತ ಒಂದು ತುಂಡು, ಮೇಲೆ ತೇಲೋ ಜಿಡ್ಡು. ಒಲೆ ಮುಂದೇನೇ ಎರಡೂಟ ಆಗ್ಬುಡ್ತಿತ್ತು ಕಣಮ್ಮಿ. ಅದನ್ನ ನಾನು ಊಟ ಅಂತಾನೇ ಅಂದ್ಕೊಂಡಿರ್ಲಿಲ್ಲ, ಕೆಲ್ಸ ಅಂದ್ಕೊಂಡಿದ್ದೆ."

"ಹಂಗಾದ್ರೆ ಆ ಟೀ ಯಾಕೆ?"

"ಸಾರಿನ ವಾಸ್ನೆ ಮೂಗಿಗೆ ಬಡಿದ್ರೆ ಕೈ ತಾನಾಗೇ ಮುಂದಕ್ಕೋಯ್ತದೆ, ನನ್ನ ಮಾತು ಕೇಳಾಕಿಲ್ಲ. ಆ ಕಹಿ ಬಾಯಲ್ಲಿದ್ರೆ ಉಪ್ಪು ಖಾರ ನೆಟ್ಟಗೆ ಗೊತ್ತಾಗಾಕಿಲ್ಲ. ಗೊತ್ತಾಗದ ನಾಲಿಗೆ ನಂಬ್ಕೊಂಡು ಜನರ ಊಟ ಕೆಡ್ಸೋಕಾಯ್ತದಾ? ಅದ್ಕೇ ಕೈ ಮುಂದಕ್ಕೋಗಲ್ಲ. ನಾನೇ ನನ್ನ ಕೈ ಕಟ್ಟಾಕ್ಕೊಂಡಿವ್ನಿ. ಮಗಳ ಬೀಗರೂಟಕ್ಕೆ ಒಲೆ ಮುಂದೆ ನಿಲ್ಬೇಕು ನಂಗೆ."

ಈ ಮನುಷ್ಯನನ್ನು ನಾನು ಬಾಯಿಚಪಲದವರು ಎಂದು ಆಡಿಕೊಂಡದ್ದೆಷ್ಟೋ. ಒಬ್ಬ ಅಡುಗೆಯವರು ಒಲೆ ಉಳಿಸಿಕೊಳ್ಳುವುದಕ್ಕಾಗಿ ತಮ್ಮ ನಾಲಿಗೆಯನ್ನೇ ಬಿಟ್ಟುಕೊಟ್ಟು ಕೂತಿದ್ದರು, ಅದನ್ನು ಹೆಂಡತಿಗೂ ಹೇಳಿರಲಿಲ್ಲ. ನನಗೆ ಅವರ ಮೇಲೆ ಹೆಮ್ಮೆಯಾಯಿತು, ಬಾಯಿಬಿಟ್ಟು ಹೇಳಿದೆ ಕೂಡ. "ಸುಮ್ನೆ ಉಣ್ಣು" ಅಂದರು.

ಸುಗ್ಗಿ ಕಳೆಯಿತು, ಮದುವೆ ಹತ್ತಿರ ಬಂತು. ಬೀಗರೂಟದ ಹಿಂದಿನ ವಾರ ಡಾಕ್ಟರಮ್ಮ ತೂಕ ನೋಡಿ, ರಕ್ತ ನೋಡಿ, "ನಿಂತು ಮಾಡಿ ಯಜಮಾನ್ರೇ. ನಡುನಡುವೆ ಕೂತ್ಕೊಳ್ಳಿ, ಅಷ್ಟೇ" ಅಂದರು. ಎಲ್ಲ ಗ್ರೀನ್ ಟೀಯ ಮಹಿಮೆ ಅಲ್ಲವಾ ಎಂದು ಇವರು ಕೀಟಲೆ ಮಾಡಿದರೆ, "ನಿಮ್ಮ ಕೈಯಲ್ಲಿದ್ದ ಲೋಟದ ಮಹಿಮೆ, ಒಳಗಿದ್ದ ಟೀಯದ್ದಲ್ಲ" ಎಂದು ಆಕೆಯೂ ನಕ್ಕರು.

ಮದುವೆ ಮುಗಿದು, ಬೀಗರೂಟದ ದಿನ ನಾನು ಮುಂಬಾಗಿಲಲ್ಲಿ ಸೋಲೂರಿನಿಂದ ಬಂದ ಬೀಗರಿಗೆ ಅರಿಶಿನ ಕುಂಕುಮ ಕೊಡುತ್ತಿದ್ದೆ. ಹಿತ್ತಲಿನ ಒಲೆಯ ಹೊಗೆ ಮನೆಯನ್ನು ಬಳಸಿ ಮುಂದಕ್ಕೂ ಬರುತ್ತಿತ್ತು, ಅದರ ಹಿಂದೆಯೇ ನನ್ನ ಮಸಾಲೆಯ ಘಮ. ಅಷ್ಟರಲ್ಲಿ ಜೊತೆಗಾರ ಓಡಿಬಂದ. "ಅಕ್ಕ, ಅಣ್ಣ ಕರೀತಾವ್ರೆ. ಸಾರು ನೋಡಾಕೆ ನಾನು ಅಂಗೈ ಚಾಚಿದ್ರೆ, ಇವತ್ತು ನೀನು ಬ್ಯಾಡ, ಅವಳ್ನ ಕರ್ಕೊಂಬಾ ಅಂತಾವ್ರೆ" ಅಂದ.

ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದೆ. ಒಲೆಯ ಸುತ್ತಲಿದ್ದ ಗಂಡಸರು ಎತ್ತಿ ಕಟ್ಟಿದ ಪಂಚೆ ಇಳಿಸಿಕೊಂಡು ದಾರಿ ಬಿಟ್ಟರು. ನಮ್ಮವರು ಬೆವರಿನಲ್ಲಿ ತೊಯ್ದು, ತಲೆಗೆ ಟವೆಲು ಸುತ್ತಿ, ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಆ ಕಹಿ ಟೀಯ ಲೋಟ ಹಿಡಿದು ನಿಂತಿದ್ದರು. ಎಷ್ಟೋ ವರ್ಷದ ಹಿಂದೆ ನಾನು ಮದುವೆಯಾದ ಆ ತೆಳ್ಳನೆಯವರ ಗುರುತು ಹೊಗೆಯ ನಡುವೆ ಸಿಕ್ಕಂತಾಯಿತು. "ಕೈ ಹಿಡಿ" ಅಂದರು. ಹಿಡಿದೆ. ಸೌಟು ಬಾಗಿತು.

ಜೀವ ಹೋಗುವಷ್ಟು ಬಿಸಿ. ಅಷ್ಟು ಜನರೆದುರು ಕೈ ಕೊಡವುವುದು ಹೇಗೆಂದು ಹಲ್ಲು ಕಚ್ಚಿ ಹೀರಿದೆ. ನಾನೇ ಹುರಿದ ಕೊತ್ತಂಬರಿ, ನಾನೇ ಆರಿಸಿದ ಮೆಣಸಿನಕಾಯಿ, ಅದರ ಕೆಳಗೆ ನನಗೆ ಗೊತ್ತಿಲ್ಲದ ಅವರ ಕೈಯ ಏನೋ ಒಂದು. ಇಷ್ಟು ವರ್ಷ ಡಬ್ಬಿ ಕಟ್ಟಿ ಕಳಿಸಿದವಳು ಕೊಪ್ಪರಿಗೆಯ ಪಕ್ಕ ನಿಂತು ಅದನ್ನು ನೋಡಿದ್ದು ಅವತ್ತೇ. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು.

"ಉಪ್ಪು ಒಸಿ ಕಮ್ಮಿ" ಅಂದೆ.

ಅವರು ತಡಮಾಡಲಿಲ್ಲ. ಉಪ್ಪಿನ ಪಾತ್ರೆಗೆ ಕೈ ಹಾಕಿ ಒಂದು ಹಿಡಿ ತೆಗೆದು ಕೊಪ್ಪರಿಗೆಗೆ ಬಿಟ್ಟರು, ತಿರುವಿದರು, ಮುಚ್ಚಳ ಮುಚ್ಚಿದರು. ಮಗಳ ಬೀಗರೂಟದ ಸಾರನ್ನು ಒಮ್ಮೆಯೂ ನಾಲಿಗೆಗೆ ಮುಟ್ಟಿಸಲಿಲ್ಲ. ನನಗೆ ಹೆದರಿಕೆಯಾಗಿ, "ನೀವೂ ಒಂದ್ಸಲ ನೋಡ್ರೀ" ಅಂದೆ. ಅವರು ಟೀಯ ಒಂದು ಗುಟುಕು ಕುಡಿದು ಲೋಟವನ್ನು ಕಟ್ಟೆಯ ಮೇಲಿಟ್ಟರು.

"ನೀನು ನೋಡಿದ್ಯಲ್ಲ" ಅಂದರು. ಆಮೇಲೆ ನನ್ನ ಕೈ ಹಿಡಿದು ತಿರುಗಿಸಿ, ಕೆಂಪಗಾಗಿದ್ದ ಅಂಗೈಯನ್ನು ತಮ್ಮ ತೊಗಲಿನಂಥ ಬೆರಳಿನಿಂದ ಮುಟ್ಟಿದರು. "ಸುಡ್ತಾ?"

"ಹೂಂ, ಸುಡ್ತು."

"ಅಭ್ಯಾಸ ಆಯ್ತದೆ. ಇನ್ನೊಂದು ಕೊಪ್ಪರಿಗೇಲಿ ಬೋಟಿ ಗೊಜ್ಜು ಐತೆ, ಅದನ್ನೂ ನೋಡ್ಬಾ" ಎಂದು ಸೌಟು ತೊಳೆದು ಮುಂದೆ ನಡೆದರು.