ಮುಮತಾಜಬಿ ಅಳೆದ ಒಂಬತ್ತು ಮೊಳ

ನರಗುಂದದ ಮುಮತಾಜಬಿಗೆ ಓದುಬರಹ ತನ್ನ ಹೆಸರಿನ ಮಟ್ಟಿಗೆ ಮಾತ್ರ ಬರುತ್ತಿತ್ತು. ಆದರೆ ಅವಳ ಅಳತೆಯನ್ನು ಓಣಿಯಲ್ಲಿ ಯಾರೂ ಎರಡನೇ ಸಲ ಅಳೆಯುತ್ತಿರಲಿಲ್ಲ. ಗಂಡ ತೀರಿದ ಮೇಲೆ ಹದಿನೆಂಟು ವರ್ಷ ಹಳೆಯ ಬಟ್ಟೆಯ ತುಂಡು ಸೇರಿಸಿ ಕೌದಿ ಹೊಲಿದು ಮನೆ ನಡೆಸಿದವಳು. ಮೊಳಕೈಯಿಂದ ನಡುಬೆರಳಿನ ತುದಿಯವರೆಗೆ ಹಿಡಿದು ನೋಡಿದಳೆಂದರೆ ಕಣ್ಣುಮುಚ್ಚಿ ಕತ್ತರಿ ಹಾಕಬಹುದಿತ್ತು.

೨೦೦೪ರ ಬೇಸಿಗೆಯಲ್ಲಿ ಮಗ ಸಲಾವುದ್ದೀನ ಹುಬ್ಬಳ್ಳಿಯ ಮುಚ್ಚಿಹೋದ ಕಾರ್ಖಾನೆಯೊಂದರಿಂದ ಹಳೆಯ ಮಿಲ್ಲಿಂಗ್ ಮಷೀನು ಕೊಂಡು ತಂದ. ತಿರುಗುವ ಹಲ್ಲುಗಳಿಂದ ಕಬ್ಬಿಣವನ್ನು ಕೊರೆದು ಸಪಾಟು ಮಾಡುವ, ತೋಡು ತೆಗೆಯುವ ಯಂತ್ರ. ಹನ್ನೆರಡು ಕ್ವಿಂಟಲ್ ಭಾರ. ಹತ್ತು ವರ್ಷ ಹುಬ್ಬಳ್ಳಿಯಲ್ಲಿ ಮಂದಿಯ ವರ್ಕ್‌ಶಾಪಿನಲ್ಲಿ ದುಡಿದು, ವಾರಕ್ಕೊಮ್ಮೆ ಮನೆಯ ಮುಖ ನೋಡುತ್ತಿದ್ದವನು ಅವನು.

"ಅಮ್ಮಾ, ಇದು ಮನ್ಯಾಗ ನಿಂತ್ರ ನಾನೂ ಮನ್ಯಾಗ ನಿಂತೆ ಅಂತ ತಿಳಿ," ಎಂದ.

ಮುಮತಾಜಬಿ ಮಷೀನಿನ ತುಕ್ಕನ್ನು ಉಗುರಿನಿಂದ ಕೆರೆದು ನೋಡಿದಳು. "ಕೊಂಡ್ಕೊಂಡ್ ಬಂದಿಯೋ, ತಿಪ್ಪ್ಯಾಗಿಂದ ಎತ್ಕೊಂಡ್ ಬಂದಿಯೋ?"

ಅಂಗಳದಲ್ಲಿ ತಾಡಪತ್ರಿಯ ಕೆಳಗೆ ಐದು ವಾರ ಅದರ ಚಾಕರಿ ನಡೆಯಿತು. ಸಲಾವುದ್ದೀನನೂ ಅವನ ಗೆಳೆಯ, ಬೋರಿನ ಮೋಟಾರು ಎತ್ತುವ ಪರಶಪ್ಪನೂ ಬಿಚ್ಚುವರು. ಮುಮತಾಜಬಿ ಸೀಮೆಎಣ್ಣೆಯಲ್ಲಿ ತೊಳೆಯುವಳು. ಬರೆದಿಡಲು ಬಾರದ್ದರಿಂದ ಒಂದು ಹಳೆಯ ಕೌದಿ ಹಾಸಿ, ಬಲಗಡೆಯ ಬೋಲ್ಟು ಕೆಂಪು ತುಂಡಿನ ಮೇಲೆ, ಎಡಗಡೆಯದು ಹಸಿರಿನ ಮೇಲೆ, ಕೊರೆಯುವ ಕಬ್ಬಿಣ ಕೂರಿಸುವ ಟೇಬಲ್ಲಿನದು ಹೂವಿನ ತುಂಡಿನ ಮೇಲೆ ಇಟ್ಟಳು. ಒಂದೂ ಅದಲುಬದಲಾಗಲಿಲ್ಲ.

"ಯಮ್ಮಾ, ನಟ್ಟಿಗೆಲ್ಲಾ ಹಾಸಿಗಿ ಹಾಸೀರಿ. ನಮ್ಮ ಚಾದಾಗ ಸಕ್ಕರಿ ಇಲ್ಲ," ಎಂದು ಪರಶಪ್ಪ ಕಾಡಿದ.

"ಅವು ನಿನ್ನಂಗ ವಟಾವಟಾ ಮಾತಾಡೂದಿಲ್ಲೋ ಪರಶ್ಯಾ, ಅದಕ್ಕ."

ಮಷೀನು ಪಡಸಾಲೆಗೆ ಬರುವ ದಿನ ಸಲಾವುದ್ದೀನ ಒಂದೇ ಮಾತು ಕೇಳಿದ. "ಹಗೇವು ಎಲ್ಲೈತಿ?"

ಹಿಂದಿನವರು ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಗುಂಡಿ ಅದು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಆಳ ಎರಡಾಳು. ಕಾಲುವೆ ನೀರು ಬಂದು ನೆಲ ತೇವ ಹಿಡಿದ ಮೇಲೆ ಅದರೊಳಗೆ ಯಾರೂ ಕಾಳು ಹಾಕಿರಲಿಲ್ಲ. ಬಾಯಿಗೆ ಕಲ್ಲು ಮುಚ್ಚಿ ಮೇಲೆ ಪರ್ಸಿ ಚಪ್ಪಡಿ ಹಾಸಿದ್ದರು. ಮುಮತಾಜಬಿ ಮದುವೆಯಾಗಿ ಬಂದ ವರ್ಷ ಅತ್ತೆ ಬೆರಳು ಮಾಡಿ ತೋರಿಸಿದ್ದಳು: ಮೂಡಣ ಗೋಡೆಯಿಂದ ಒಂಬತ್ತು ಮೊಳ. ಅವಳು ನೆಲಕ್ಕೆ ಕೈಯೂರಿ ಗೋಡೆಯಿಂದ ಒಂಬತ್ತು ಮೊಳ ಅಳೆದು ಸುಣ್ಣದ ಗೆರೆ ಎಳೆದಳು. "ಇದರ ಮ್ಯಾಲೆ ಬ್ಯಾಡ. ಮೂರು ಮೊಳ ಗ್ವಾಡಿ ಕಡೆ ಇಡ್ರಿ, ಬೆಳಕಿಂಡಿ ಬೆಳಕೂ ಬೀಳತೈತಿ."

ಅಲ್ಲೇ ಇಟ್ಟರು. ಮರುದಿನ ಮುಂಜಾನೆ ಪರಶಪ್ಪನೂ ಬಂದ ಮೇಲೆ ಮಷೀನು ಸುರುವಾಯಿತು. ಹಲ್ಲು ಕಬ್ಬಿಣಕ್ಕೆ ತಾಗಿ ಮೊದಲ ಚೂರುಗಳು ಸುರುಳಿ ಸುರುಳಿಯಾಗಿ ಬಿದ್ದವು. ಸೊಸೆ ಫರ್ಜಾನಾ ಬಾಗಿಲಲ್ಲಿ ನಿಂತು ನಕ್ಕಳು. ಆಗ ಪರ್ಸಿ ಟಪ್ಪೆಂದಿತು. ಸಲಾವುದ್ದೀನ ಹಿಂದಕ್ಕೆ ಜಿಗಿದ. ಹನ್ನೆರಡು ಕ್ವಿಂಟಲ್ ಕಬ್ಬಿಣ, ನಿಂತದ್ದು ನಿಂತ ಹಾಗೆಯೇ, ಎಲ್ಲರ ಕಣ್ಣೆದುರಿಗೆ ನೆಲದೊಳಗೆ ಇಳಿದುಹೋಯಿತು. ವಾಯರು ಹರಿದು ಕಿಡಿ ಹಾರಿತು. ಫರ್ಜಾನಾ ಓಡಿ ಮೇನ್ ಸ್ವಿಚ್ ತೆಗೆದಳು.

ಗುಂಡಿಯಿಂದ ಕೊಳೆತ ಜೋಳದ ಹುಳಿ ವಾಸನೆ ಮೇಲೆದ್ದಿತು.

ಮೊದಲು ಅಲುಗಿದವನು ಸಲಾವುದ್ದೀನ. ಮುರಿದ ಪರ್ಸಿ ಹಿಡಿದು ಇಳಿದು, ಮಷೀನಿನ ತಲೆಯ ಮೇಲೆ ನಿಂತ. ಅವನ ಮುಖ ನೆಲದ ಮಟ್ಟಕ್ಕಿತ್ತು. "ಕಂದೀಲ ಬಿಡ್ರಿ. ಟೇಬಲ್ ಒಡದೈತೋ ಏನೋ ನೋಡ್ತೀನಿ."

ಮುಮತಾಜಬಿ ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ಬಿಟ್ಟಳು. ಎರಡು ಮೊಳ ಇಳಿಯುತ್ತಲೇ ಅದು ಆರಿತು. ಎಳೆದು ಮತ್ತೆ ಹಚ್ಚಿ ಬಿಟ್ಟಳು. ಅದೇ ಎರಡು ಮೊಳಕ್ಕೆ ಮತ್ತೆ ಆರಿತು. ಅವಳು ಅಂಚಿಗೆ ಬಂದು ಕೂಗಿದಳು.

"ಮ್ಯಾಲೆ ಬಾ! ಒಳಗ ಗಾಳಿ ಕೆಟ್ಟೈತಿ, ಬಗ್ಗಬ್ಯಾಡ!"

"ಬಂದೆ ತಡಿ," ಎಂದು ಅವನು ಬಗ್ಗಿದ. ಬಗ್ಗಿದವನು ಏಳಲಿಲ್ಲ. ಮಷೀನಿನ ಮೇಲೆ ಕೌಚಿ ಬಿದ್ದ.

ಪರಶಪ್ಪ ಜಿಗಿಯಲು ಹೊರಟ. ಮುಮತಾಜಬಿ ಅವನ ಅಂಗಿ ಹಿಡಿದು ಜಗ್ಗಿದಳು. "ನೀ ಇಳದ್ರ ಎರಡು ಹೆಣ ಆಕ್ಕಾವು! ಉಸಿರು ಕಟ್ಕೊ. ಬೋರ್ಲ ಮಲಗು. ಅವನ ಬಗಲಿಗೆ ಹಗ್ಗ ಹಾಕು."

ಬೋರಲು ಮಲಗಿದ ಪರಶಪ್ಪನ ಎರಡೂ ಕಾಲುಗಳ ಮೇಲೆ ಫರ್ಜಾನಾ ಕೂತಳು. ಅವನು ತಲೆಕೆಳಗಾಗಿ ಜೋತು, ಸಲಾವುದ್ದೀನನ ಬಗಲಲ್ಲಿ ಹಗ್ಗ ತೂರಿಸಿ, ಮುಖ ಕಪ್ಪಿಟ್ಟು ಮೇಲೆದ್ದ. ಮಷೀನಿನ ಭಾಗ ಎತ್ತಿ ಕೂರಿಸಲು ಪಡಸಾಲೆಯ ತೊಲೆಗೆ ಕಟ್ಟಿದ್ದ ಚೈನ್ ಪುಲ್ಲಿ ಇನ್ನೂ ಜೋತಾಡುತ್ತಿತ್ತು. ಅದರ ಕೊಂಡಿಗೆ ಹಗ್ಗ ಸಿಕ್ಕಿಸಿ ಎಳೆಯತೊಡಗಿದ.

ಎಂಥ ಭಾರವನ್ನೂ ಎತ್ತುವ ಪುಲ್ಲಿ ಅದು. ಆದರೆ ಮೊಳ ಚೈನು ಎಳೆದರೆ ಏಳುವುದು ಬೆರಳಷ್ಟೇ. ಮುಮತಾಜಬಿಯೂ ಚೈನಿಗೆ ಕೈ ಹಾಕಿದಳು. ದೀಪ ಆರಿದ ಮಟ್ಟ ಅವಳ ಕಣ್ಣಲ್ಲಿ ಕೂತಿತ್ತು. ಮಗನ ಮೂಗು ಅದನ್ನು ದಾಟಬೇಕು, ಅಷ್ಟೆ.

"ಇನ್ನ ಎಷ್ಟ್ರಿ ಯಮ್ಮಾ?"

"ಎರಡು ಗೇಣು. ಎಳಿ. ಒಂದೂವರಿ. ಎಳಿ ಎಳಿ. ಒಂದು ಗೇಣು. ನಾಕು ಬೆರಳು."

ಮಟ್ಟ ದಾಟಿದ ಮೇಲೂ ಅವನು ಉಸಿರಾಡಲಿಲ್ಲ. ಇನ್ನೂ ಮೂರು ಮೊಳ ಚೈನು ಎಳೆದರು. ಆಮೇಲೆ ಗಂಟಲಲ್ಲಿ ಗೊರ್ರೆಂದಿತು. ಕೆಮ್ಮು ಬಂತು, ವಾಂತಿ ಬಂತು. ಫರ್ಜಾನಾ ಅವನನ್ನು ಅಂಚಿಗೆ ಎಳೆದುಕೊಂಡು ಬೈಯುತ್ತ ಅತ್ತಳು. ಕಣ್ಣು ಬಿಟ್ಟ ಸಲಾವುದ್ದೀನ, "ಟೇಬಲ್ ಒಡದಿಲ್ಲ," ಎಂದ.

"ನಿನ್ನ ಟೇಬಲ್ ಹಾಳಾಗಿ ಹೋಗ್ಲಿ!" ಎಂದಳು ಫರ್ಜಾನಾ.

ದವಾಖಾನೆಗೆ ಒಯ್ಯಲು ರಿಕ್ಷಾ ತರುತ್ತೇನೆಂದು ಪರಶಪ್ಪ ಓಡಿದ. ಮುಮತಾಜಬಿ ಚೈನು ಬಿಟ್ಟಿರಲಿಲ್ಲ. ಅವಳು ಮೂಡಣ ಗೋಡೆಯನ್ನೇ ನೋಡುತ್ತಿದ್ದಳು. ಮೈದುನನಿಗೆ ಪಾಲು ಕೊಟ್ಟ ವರ್ಷ ಹಳೆಯ ಗೋಡೆ ಕೆಡವಿ ಮೂರು ಮೊಳ ಈಚೆ ಹೊಸದು ಕಟ್ಟಿದ್ದರು. ಕಟ್ಟಿದ ಗೌಂಡಿಗಳಿಗೆ ಚಹಾ ಕೊಟ್ಟವಳು ಅವಳೇ. ಅತ್ತೆ ಹೇಳಿದ ಒಂಬತ್ತು ಮೊಳ ಆ ಹಳೆಯ ಗೋಡೆಯದು. ಬ್ಯಾಡ ಎಂದ ಜಾಗ ಗಟ್ಟಿ ನೆಲ. ಇಡಿರಿ ಎಂದ ಜಾಗವೇ ಹಗೇವಿನ ನಡುನೆತ್ತಿ.

"ನಾನ ಇಡಿಸಿದ್ದೆ," ಎಂದಳು. "ಗ್ವಾಡಿ ಸರದದ್ದು ಮರತೆ. ನಾನ ಇಡಿಸಿದ್ದೆ."

ಸಲಾವುದ್ದೀನ ಮಲಗಿದಲ್ಲಿಂದಲೇ ಅವಳ ಪಾದ ಮುಟ್ಟಿದ. "ಗೇಣು ಎಣಿಸಿದಾಕಿನೂ ನೀನ ಅಲ್ಲೇನಮ್ಮಾ?"

ಅದು ಅವಳಿಗೆ ಕೇಳಿಸಿತೋ ಇಲ್ಲವೋ.

ಬಾಯಿ ಅಗಲಿಸಿ ಬಿಟ್ಟ ಹಗೇವಿನಲ್ಲಿ ನಾಲ್ಕನೇ ದಿನ ದೀಪ ತಳದವರೆಗೂ ಉರಿಯಿತು. ಐದನೇ ದಿನ ಮೂರು ಕಬ್ಬಿಣದ ಕಂಬ ನಿಲ್ಲಿಸಿ ಮಷೀನು ಎತ್ತಿದರು. ಒಂದು ಹಿಡಿಕೆ ಮುರಿದಿತ್ತು, ಮೋಟಾರಿನ ಕವಚ ನೆಗ್ಗಿತ್ತು, ಅಷ್ಟೇ. "ಎಲ್ಲಿ ಇಡೂಣು?" ಎಂದು ಸಲಾವುದ್ದೀನ ವಾಡಿಕೆಯಂತೆ ತಾಯಿಯ ಕಡೆ ತಿರುಗಿದ.

ಅವಳು ಕಬ್ಬಿಣದ ಹಾರೆ ತೆಗೆದುಕೊಂಡು ಅಂಗಳಕ್ಕೆ ಹೋದಳು. ಬೇಡವೆಂದರೂ ಕೇಳದೆ ಎರಡು ದಿನ ಗೇಣಿಗೊಂದು ಕಡೆ ಹಾರೆ ಹೊಡೆದು, ಮಣ್ಣಿನ ಸಪ್ಪಳ ಆಲಿಸಿದಳು. ಕೈಯಲ್ಲಿ ಬೊಬ್ಬೆ ಎದ್ದವು. ಬೇವಿನ ಗಿಡದ ಹತ್ತಿರ ಎಲ್ಲಿ ಹೊಡೆದರೂ ಹಾರೆ ಗಟ್ಟಿ ಗರಸು ಮಣ್ಣಿಗೆ ತಾಗಿ ತಿರುಗಿ ಬಂದಾಗ ಅಲ್ಲೇ ಕುಳಿತಳು.

"ಇಲ್ಲಿ ಇಡ್ರಿ," ಎಂದಳು. "ಇಡೂಕಿಂತ ಮೊದಲ ನೀವೂ ಒಂದೊಂದ ಸಲ ಹೊಡದು ನೋಡ್ರಿ."