ಒಂಬತ್ತೂ ಕಾಲು ಗಂಟೆಯ ಹಸಿರು ಚಹಾ

ಅಕ್ಟೋಬರ್ ತಿಂಗಳ ಎರಡನೆಯ ಗುರುವಾರ, ಮಧ್ಯಾಹ್ನ ಮೂರು ಗಂಟೆ ಐದು ನಿಮಿಷ. ಮೂಡಲಗಿಯಲ್ಲಿ ಅಕ್ಕನ ಮನೆಯ ಪಡಸಾಲೆ. ಇದ್ದವರು ಮೂವರು: ಅಕ್ಕ, ಅವಳ ಸೊಸೆ, ನಾನು. ನನ್ನ ಕೈಯಲ್ಲಿ ಒಂದು ಪೊಟ್ಟಣ ಕರದಂಟು, ಜೇಬಿನಲ್ಲಿ ಒಂದು ನೋಟ್‌ಬುಕ್. ತಪ್ಪು ಒಪ್ಪಿಕೊಳ್ಳಲು ಹೋಗಿದ್ದೆ. ಎಲ್ಲಿಂದ ಶುರು ಮಾಡಬೇಕೆಂದು ಗೋಕಾಕದಿಂದ ಬಸ್ಸಿನಲ್ಲಿ ಕುಳಿತಷ್ಟು ಹೊತ್ತೂ ಯೋಚಿಸಿದ್ದೆ, ಗೊತ್ತಾಗಿರಲಿಲ್ಲ.

ಅಕ್ಕನಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಗೋಕಾಕದಲ್ಲಿ ತೆಗೆಸೋಣ, ನಮ್ಮಲ್ಲೇ ಇರು ಎಂದು ಕರೆತಂದವನು ನಾನೇ. ಬಲಗಣ್ಣಿನದು ಆಯಿತು. ಎಡಗಣ್ಣಿಗೆ ಡಾಕ್ಟರರು ಒಂದು ತಿಂಗಳ ನಂತರದ ದಿನ ಕೊಟ್ಟರು. ಅಲ್ಲಿಯವರೆಗೆ ಇರಬೇಕಾದವಳು ಹತ್ತೊಂಬತ್ತನೆಯ ದಿನ ಚೀಲ ಕಟ್ಟಿಕೊಂಡು ಹೊರಟುಬಿಟ್ಟಳು. "ಒಂದ ಕಣ್ಣ ಸಾಕು ತಮ್ಮಾ. ನನಗೇನ ಪೇಪರ್ ಓದೂದೈತಿ?" ಎಂದಳು. ಹಟಮಾರಿ ಎಂದು ಅವಳು ಹೋದ ಮೇಲೂ ಎರಡು ದಿನ ಬೈದೆ. ಈಗ ಎಡಗಣ್ಣಿನ ದಿನಕ್ಕೆ ನಾಲ್ಕೇ ದಿನ ಉಳಿದಿತ್ತು.

ನಾನು ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಕಂಟ್ರೋಲರ್ ಆಗಿದ್ದವನು. ನಿವೃತ್ತನಾದ ಮೇಲೆ ವೇಳಾಪಟ್ಟಿ ನಮ್ಮ ಅಡುಗೆಮನೆಯ ಗೋಡೆಗೆ ಬಂತು. ಐದೂವರೆಗೆ ಶುಂಠಿ ಹಾಕಿದ ಗಟ್ಟಿ ಚಹಾ, ಮೈಗೆ ಚುರುಕು ಬರಲೆಂದು. ಹನ್ನೊಂದಕ್ಕೆ ಅರ್ಧ ಕಪ್. ನಾಲ್ಕಕ್ಕೆ ಹಾಲು ಹೆಚ್ಚು ಹಾಕಿದ್ದು. ಚಹಾ ಮಾಡುವುದು ನನ್ನದೇ ಕೆಲಸ. ಹೆಂಡತಿಯನ್ನು ಒಲೆಯ ಹತ್ತಿರ ಬಿಡುವುದಿಲ್ಲ, ಅವಳಿಗೆ ನಿಮಿಷದ ಲೆಕ್ಕವಿಲ್ಲ.

ಬಲಗಣ್ಣಿನ ಪೊರೆ ತೆಗೆಸಿದ ಮೇಲೆ ಮೊದಲ ಎರಡು ರಾತ್ರಿ ಅಕ್ಕನಿಗೆ ಸರಿಯಾಗಿ ನಿದ್ದೆ ಬರಲಿಲ್ಲ. ಹೊಸ ಜಾಗ, ಕಣ್ಣಿಗೆ ಕಟ್ಟಿದ ಪಟ್ಟಿ. ಬಿಟ್ಟಿದ್ದರೆ ತಾನೇ ಸರಿಹೋಗುತ್ತಿತ್ತೇನೋ. ನಾನು ಬಿಡಲಿಲ್ಲ. ತಡವಾಗಿ ಓಡುವ ಬಸ್ಸನ್ನು ದಾರಿಗೆ ತರುವಂತೆ ಅವಳ ನಿದ್ದೆಯನ್ನು ಕೈಗೆತ್ತಿಕೊಂಡೆ.

ಮೊದಲು ಅವಳ ನಾಲ್ಕು ಗಂಟೆಯ ಚಹಾ ನಿಲ್ಲಿಸಿದೆ. ದಿನದಲ್ಲಿ ಅವಳು ಕಾಯುತ್ತಿದ್ದುದು ಅದೊಂದನ್ನೇ. ಕಪ್ಪಿನಿಂದ ಬಶಿಗೆ ಸುರುವಿಕೊಂಡು, ಊದಿ, ಕಣ್ಣು ಮುಚ್ಚಿ ಕುಡಿಯುವಳು. ಆಮೇಲೆ ರಾತ್ರಿ ಒಂಬತ್ತೂ ಕಾಲು ಗಂಟೆಗೆ ಹಸಿರು ಚಹಾ ಎಂದು ಪಟ್ಟಿಯಲ್ಲಿ ಹೊಸ ಸಾಲು ಬರೆದೆ. ಬೆಳಗಿನ ವಾಯುವಿಹಾರದ ಗೆಳೆಯರೊಬ್ಬರು ಅದನ್ನು ಹೊಗಳಿದ್ದರು. ನಾನೂ ಕೆಲವು ದಿನ ಬೆಳಿಗ್ಗೆ ಕುಡಿದು ನೋಡಿದ್ದೆ; ತಲೆ ತಿಳಿಯಾಗಿ, ಮನಸ್ಸು ಶಾಂತವಾಗಿದ್ದು ನಿಜ. ಮನಸ್ಸು ಶಾಂತವಾಗುವುದೂ ನಿದ್ದೆ ಬರುವುದೂ ಒಂದೇ ಎಂದುಕೊಂಡೆ. ಹಾಲಿಲ್ಲ, ಸಕ್ಕರೆಯಿಲ್ಲ, ಬಣ್ಣ ಕಷಾಯದ್ದು, ಔಷಧಿಯಲ್ಲದೆ ಇನ್ನೇನು? ಗುಣವೆಲ್ಲ ಇಳಿಯಲೆಂದು ಎರಡು ಚಮಚ ಎಲೆ ಹಾಕಿ ಹತ್ತು ನಿಮಿಷ ಮುಚ್ಚಿಡುತ್ತಿದ್ದೆ. ಬೇವಿನಷ್ಟು ಕಹಿಯಾಗುತ್ತಿತ್ತು. ಅಕ್ಕ ಮುಖ ಕಿವುಚಿ ತಳ ಕಾಣುವವರೆಗೆ ಕುಡಿಯುವಳು.

ಇನ್ನೊಂದು ಮಾತು ಬರೆಯಲು ನಾಚಿಕೆಯಾಗುತ್ತದೆ. ಬರುವಾಗ ಅವಳು ಹಳೆಯ ಸೀರೆಯ ತುಂಡಿನಲ್ಲಿ ಒಂದು ಕಟ್ಟು ಹುಲ್ಲು ಕಟ್ಟಿಕೊಂಡು ಬಂದಿದ್ದಳು. "ನಮ್ಮನ್ಯಾಗ ದನಾ ಇಲ್ಲಲ್ಲ ಅಕ್ಕಾ," ಎಂದು ನಕ್ಕೆ. ಅವಳೂ ನಕ್ಕಳು. ಅದನ್ನು ಹಾಲು ಹಾಕುವವಳ ಎಮ್ಮೆಗೆ ಕೊಟ್ಟುಬಿಟ್ಟೆ.

ದಿನಾ ಬೆಳಿಗ್ಗೆ ಅಕ್ಕನನ್ನು ಕೇಳಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಚಹಾ: ಒಂಬತ್ತೂ ಕಾಲು. ನಿದ್ದೆ: ಇಲ್ಲ. ಮರುದಿನವೂ ಇಲ್ಲ. ಅದರ ಮರುದಿನ ಒಂದು ತಾಸು. ಆರನೆಯ ದಿನ ನನಗೆ ಸಿಟ್ಟು ಬಂತು. "ಮಧ್ಯಾಹ್ನ ಗೊರಕಿ ಹೊಡೀತಿ, ರಾತ್ರಿ ನಿದ್ದಿ ಇಲ್ಲ ಅಂತಿ. ಸುಳ್ಳ ಹೇಳಬ್ಯಾಡ," ಎಂದು ಪಕ್ಕದ ಮನೆಯವರ ಮುಂದೆಯೇ ಗದರಿದೆ. ಅಂದಿನಿಂದ ಅವಳು ಎಲ್ಲ ಪ್ರಶ್ನೆಗೂ "ಹೂಂ, ಬಂತು" ಎನ್ನತೊಡಗಿದಳು. ಕಣ್ಣು ಮಾತ್ರ ಕೆಂಪಗಿರುತ್ತಿತ್ತು. ಅದನ್ನೂ ಬರೆದಿದ್ದೇನೆ.

ಅವಳು ಹೋದ ಮೇಲೆ, ಇದೇ ವಾರದ ಮಂಗಳವಾರ, ಹುಕ್ಕೇರಿಗೆ ನಾದಿನಿಯ ಮನೆಗೆ ಹೋಗಿದ್ದೆವು. ಹೆಂಡತಿಯ ತಂಗಿ, ನರ್ಸ್. ಸಂಜೆ ಚಹಾಕ್ಕೆ ಇಟ್ಟಾಗ ನಾನು ಹಸಿರು ಚಹಾ ಇದ್ದರೆ ಕೊಡು ಎಂದೆ.

"ಮಾಮಾ, ನೀವೂ ರಾತ್ರಿ ಪಾಳಿ ಮಾಡಾಕತ್ತೀರೇನು?" ಎಂದಳು.

"ಯಾಕವಾ?"

"ನಾನು ಅದನ್ನ ಕುಡಿಯೂದು ಪಾಳಿಯಾಗ ನಿದ್ದಿ ಬರಬಾರ್ದಂತ. ಹೊಟ್ಟಿ ಉರಿಯಂಗಿಲ್ಲ, ತಲಿ ಶಾಂತ ಇರ್ತೈತಿ, ಕಣ್ಣ ಮಾತ್ರ ಮುಚ್ಚಂಗಿಲ್ಲ."

"ಅದು ಗಿಡಮೂಲಿಕಿ ಅಲ್ಲಾ?"

"ಯಾವ ಗಿಡಮೂಲಿಕಿ? ಅದೂ ಅದ ಚಾ ಗಿಡದ ಎಲಿ ಐತ್ರಿ. ಹಾಲ ಹಾಕದಿದ್ರ ಚಾ ಅಲ್ಲೇನು?"

ಹೆಂಡತಿ ನನ್ನ ಮುಖ ನೋಡಿದಳು. ತಿರುಗಿ ಬರುವಾಗ ಬಸ್ಸು ಘಟಪ್ರಭಾ ದಾಟಿದ ಮೇಲೆ ಒಂದೇ ಮಾತು ಹೇಳಿದಳು: "ಪಾಪ, ಅವರು ಒಂದ ಹನಿ ಬಿಡದಂಗ ಕುಡೀತಿದ್ರು."

ಮನೆಗೆ ಬಂದು ನೋಟ್‌ಬುಕ್ ತೆಗೆದೆ. ಹನ್ನೊಂದನೆಯ ದಿನದ ಸಾಲು ನನ್ನದೇ ಅಕ್ಷರದಲ್ಲಿ ಇತ್ತು: ಗ್ಯಾಸ್ ಮುಗಿದ ಕಾರಣ ಚಹಾ ಇಲ್ಲ. ನಿದ್ದೆ: ಪೂರ್ತಿ. ಕಣ್ಣು: ಕೆಂಪಿಲ್ಲ. ಅದನ್ನು ಓದಿದಾಗ ಆ ಬೆಳಿಗ್ಗೆ ನಾನು ಮಾಡಿದ್ದು ನೆನಪಾಯಿತು. ಔಷಧಿ ಕೊನೆಗೂ ಹತ್ತಿತು ಎಂದು ಅಂದಿನಿಂದ ಅರ್ಧ ಚಮಚ ಹೆಚ್ಚು ಹಾಕಿದ್ದೆ.

ಇಷ್ಟನ್ನೂ ಪಡಸಾಲೆಯಲ್ಲಿ ಕುಳಿತು ಅಕ್ಕನಿಗೆ ಹೇಳಿದೆ. ಆ ಸಾಲನ್ನು ಓದಿಯೂ ತೋರಿಸಿದೆ. ಅವಳು ಕರದಂಟಿನ ಪೊಟ್ಟಣವನ್ನು ತಿರುಗಿಸಿ ನೋಡುತ್ತಿದ್ದಳು.

"ಹಲ್ಲಿಲ್ಲದಾಕಿಗೆ ಕರದಂಟ ತಂದಾನ ನೋಡವಾ," ಎಂದು ಸೊಸೆಗೆ ಹೇಳಿದಳು.

ಸೊಸೆ ನಗಲಿಲ್ಲ. "ಕಾಕಾ, ಅಲ್ಲಿಂದ ಬಂದು ಎರಡ ದಿನಾ ಮಕ್ಕೊಂಡ ಬಿಟ್ಟಿದ್ರು ಇವರು. ನಾನು ಡಾಕ್ಟರ್‌ನ ಕರೀಲೇನು ಅಂತ ಅಂಜಿದ್ದೆ," ಎಂದಳು.

"ಅಷ್ಟ ಕಹಿ ಇತ್ತು, ಒಲ್ಲೆ ಅಂತ ಅನ್ನಬಾರದಾಗಿತ್ತೇನಕ್ಕಾ?" ಎಂದೆ.

"ಹ್ಯಾಂಗ ಅನ್ನಲಿ? ಕುಂತಲ್ಲೆ ಬಂದು ಕಪ್ಪ ಕೈಯಾಗ ಇಡ್ತಿದ್ದಿ. ಗಡಿಯಾರ ನೋಡ್ಕೋತ ನಿಲ್ತಿದ್ದಿ. ನಮ್ಮವ್ವ ಇದ್ದಾಗಿಂದ ನನಗ ಯಾರೂ ಹಂಗ ಎದ್ದು ಮಾಡಿ ಕೊಟ್ಟಿದ್ದಿಲ್ಲ."

ಬೈದಿದ್ದರೆ ಹಗುರಾಗುತ್ತಿತ್ತು. ನೋಟ್‌ಬುಕ್ ಮುಚ್ಚಿ ಜೇಬಿಗೆ ಹಾಕಿಕೊಂಡೆ. ಅಷ್ಟರಲ್ಲಿ ನಾಲ್ಕು ಹೊಡೆಯಿತು. ಸೊಸೆ ಎಲ್ಲರಿಗೂ ಹಾಲಿನ ಚಹಾ ತಂದಳು. ಅಕ್ಕ ಬಶಿಗೆ ಸುರುವಿಕೊಂಡು, ಊದಿ, ಕಣ್ಣು ಮುಚ್ಚಿ ಕುಡಿದಳು. ಹದಿನಾರು ದಿನ ಅವಳಿಂದ ನಾನು ಕಿತ್ತುಕೊಂಡಿದ್ದು ಇದನ್ನೇ.

ಕುಡಿದಾದ ಮೇಲೆ ಕೇಳಿದೆ, "ಇಲ್ಲಿ ರಾತ್ರಿ ಏನ ಕುಡೀತಿ?"

"ನಿಮ್ಮ ಹಾಲಿನಾಕಿ ಎಮ್ಮಿ ತಿಂದಿದ್ದು," ಎಂದಳು.

ಬಚ್ಚಲಿನ ನೀರು ಹರಿಯುವ ಕಡೆ ಕರೆದೊಯ್ದು ತೋರಿಸಿದಳು. ನಿಂಬೆಯ ವಾಸನೆಯ ಉದ್ದನೆಯ ಹುಲ್ಲು, ಇಲ್ಲಿಯವರು ಗವತಿ ಚಹಾ ಎನ್ನುವುದು. ಚಹಾಪುಡಿ ಹಾಕದೆ ಬರೀ ಅದನ್ನೇ ಒಂದು ಚೂರು ಬೆಲ್ಲದೊಂದಿಗೆ ಕುದಿಸಿ, ಉಂಡ ಮೇಲೆ ಕುಡಿಯುತ್ತಾಳಂತೆ. "ನಿದ್ದಿ ಬರ್ತೈತೋ ಇಲ್ಲೋ ನನಗ ಗೊತ್ತಿಲ್ಲ. ನಿದ್ದಿ ಓಡಿಸಂಗಿಲ್ಲ ಅಷ್ಟ ಖರೆ."

"ಸೋಮವಾರ ಬಾ ಅಕ್ಕಾ. ನಿನ್ನ ನಾಲ್ಕ ಗಂಟೆ ಚಾ ನಿನಗ. ರಾತ್ರಿ ನಾ ಏನೂ ಕೊಡಂಗಿಲ್ಲ, ಏನೂ ಕೇಳಂಗಿಲ್ಲ."

"ಬರಕೊಳ್ಳೂದಿಲ್ಲ?"

"ಇಲ್ಲ."

ಅವಳು ಸೊಸೆಗೆ ಕುಡುಗೋಲು ತರಲು ಹೇಳಿ, ಬೇರುಸಹಿತ ನಾಲ್ಕು ಬುಡ ಕೀಳಿಸಿ ನನ್ನ ಚೀಲಕ್ಕೆ ಹಾಕಿಸಿದಳು. "ಇವತ್ತ ಹಚ್ಚು. ಸೋಮವಾರ ಬಂದ ನೋಡ್ತೇನಿ. ಆ ಹಾಲಿನಾಕಿ ಎಮ್ಮಿಗೂ ಹೇಳು, ಇದು ಮೇವಲ್ಲಂತ."

ಐದರ ಬಸ್ಸಿಗೆ ಗೋಕಾಕಕ್ಕೆ ತಿರುಗಿ ಬಂದೆ. ಗೋಡೆಯ ಪಟ್ಟಿಯಲ್ಲಿ ಒಂಬತ್ತೂ ಕಾಲು ಗಂಟೆಯ ಸಾಲನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದೆ. ಉಳಿದ ಹಸಿರು ಚಹಾದ ಡಬ್ಬಿಯನ್ನು ಹುಕ್ಕೇರಿಯ ನಾದಿನಿಗೆಂದು ತೆಗೆದಿಟ್ಟೆ. ನೋಟ್‌ಬುಕ್ಕನ್ನು ಹರಿದು ಎಸೆಯಲು ಮನಸ್ಸಾಗಲಿಲ್ಲ, ಎಸೆದರೆ ಮರೆತುಬಿಡುತ್ತೇನೆ. ಆಮೇಲೆ ಹಿತ್ತಲಲ್ಲಿ ನಲ್ಲಿಯ ಪಕ್ಕ ಗೇಣಿಗೊಂದರಂತೆ ನಾಲ್ಕು ಬುಡ ನೆಟ್ಟು, ನೀರು ಹಾಕಿ, ಕೈಯ ಮಣ್ಣು ತೊಳೆದುಕೊಂಡೆ.