ಕೆಮ್ಮು ಕಲಿಸುವ ಮೇಡಂ

ಭದ್ರಾವತಿಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಟಿಬಿ ಪರೀಕ್ಷೆಗೆ ಕಫ ತೆಗೆದುಕೊಳ್ಳುವ ಬಸವರಾಜೇಶ್ವರಿ ಮೇಡಂಗೆ ಕೆಮ್ಮೆಂದರೆ ಸಂಗೀತವಿದ್ದಂತೆ, ಕಲಿಸದೆ ಬಿಡುವವರಲ್ಲ. ಡಬ್ಬಿಯನ್ನು ಬೆಳಕಿಗೆ ಹಿಡಿದು, "ಇದು ಬರೀ ಎಂಜಲು ಮಾರಾಯ, ಎದೆಯಿಂದ ತೆಗಿ!" ಎಂದು ಮಾಚೇನಹಳ್ಳಿ ಫ್ಯಾಕ್ಟರಿಯ ಗಟ್ಟಿಗರನ್ನೂ ವಾಪಸ್ ಕಳಿಸುತ್ತಾರೆ. ಮದುವೆಮನೆಯಲ್ಲಿ ಯಾರಾದರೂ ಕೆಮ್ಮಿದರೆ ಹೋಳಿಗೆ ಬಿಟ್ಟು ಆ ಕಡೆ ಕಿವಿ ಕೊಡುತ್ತಾರೆ. ಮೊದಲೆಲ್ಲ ರೋಗಾಣುವನ್ನು ವಾರಗಟ್ಟಲೆ ಸಾಕಿ ಬೆಳೆಸಿದ ಮೇಲೇ ಅದರ ಜೀನೋಮ್, ಅಂದರೆ ವಂಶವಾಹಿಯ ಪೂರ್ತಿ ಬರಹ, ಓದುತ್ತಿದ್ದರು. ಈಗ ದೊಡ್ಡ ಲ್ಯಾಬಿನವರು ಕಫದಿಂದಲೇ ನೇರವಾಗಿ ಓದಿ, ಅದು ಯಾವ ಮಾತ್ರೆಗೆ ಬಗ್ಗುವುದಿಲ್ಲವೆಂದು ಹೇಳಲು ಹೊರಟಿದ್ದಾರೆ. ಆ ಸುದ್ದಿ ಕೇಳಿದಂದಿನಿಂದ ಮೇಡಂ ಗತ್ತೇ ಬೇರೆ: "ಹೆಣ್ಣು ನೋಡೋಕೆ ಬಂದೋರೂ ಇಷ್ಟು ಜಾತಕ ಕೆದಕಲ್ಲ ಕಣ್ರೀ. ಆದ್ರೆ ಕಫ ಚೆನ್ನಾಗಿರ್ಬೇಕು!" ಕಫ ತೆಗೆಯುವ ಜಾಗ ಹಿಂದಿನ ಗೋಡೆಯ ಮರೆಯ ಬಯಲು. ಅಲ್ಲಿ ಮಾಸ್ಕ್ ಹಾಕಿ ದೂರ ನಿಂತು ಮೇಡಂ ಕೆಮ್ಮಿ ತೋರಿಸುವ ಅಬ್ಬರಕ್ಕೆ ಕಾಗೆಗಳು ಹಾರಿಹೋಗುತ್ತವೆ. ಮೊನ್ನೆ ಹೊಳೆಹೊನ್ನೂರಿನ ಹುಡುಗಿಯೊಬ್ಬಳು ಡಬ್ಬಿ ಹಿಡಿದು ಕೆಮ್ಮದೆ ನಿಂತಿದ್ದಳು. "ಗೋಡೆ ಆಚೆ ಬೆಂಚಲ್ಲಿ ಗಂಡಿನ ಕಡೆಯೋರು ಕೂತಿದಾರೆ ಮೇಡಂ. ರಕ್ತ ಪರೀಕ್ಷೆಗೆ ಬಂದೆ ಅಂದಿದೀನಿ. ಕೆಮ್ಮು ಕೇಳಿಸಿದ್ರೆ ಮದ್ವೆ ನಿಂತೋಗತ್ತೆ." "ನೀನು ಕೆಮ್ಮಮ್ಮ, ನಾನಿದೀನಿ," ಎಂದ ಮೇಡಂ, ಅವಳ ಕೆಮ್ಮು ಮುಳುಗಿಹೋಗುವಂತೆ ತಾವೇ ಕೆಮ್ಮತೊಡಗಿದರು. ಗೋಡೆಯಾಚೆ ಯಾರೋ ಮರುಗಿದರು: "ಪಾಪ, ಆ ಮೇಡಂಗೇ ಟಿಬಿ ಬಂದ್ಬಿಟ್ಟಿದೆ ನೋಡು." ಡಬ್ಬಿಯ ಮುಚ್ಚಳ ಬಿಗಿಮಾಡಿ, ಮೇಡಂ ಆ ಬೆಂಚಿಗೆ ಕೇಳುವಂತೆ ಮತ್ತೊಂದು ಸಲ ಕೆಮ್ಮಿದರು.